ರಕ್ತವಿಜ್ಞಾನಿ ಪಾಲ್ ಎರ್ಲಿಕ್

ಮಾನವನ ದೇಹದಲ್ಲಿ ಹರಿಯುವ ರಕ್ತವು ಬರಿಗಣ್ಣಿಗೆ ಕೇವಲ ಕೆಂಪು ಬಣ್ಣದ ದ್ರವವಾಗಿ ಕಾಣುತ್ತದೆ. ಆದರೆ ಅದರ ಒಂದೊಂದು ಹನಿಯಲ್ಲಿಯೂ ಕೋಟ್ಯಂತರ ಕಣಗಳಿವೆ. ಆಮ್ಲಜನಕವನ್ನು ಹೊತ್ತೊಯ್ಯುವ ಕೆಂಪು ಕಣಗಳು, ರೋಗಾಣುಗಳೊಡನೆ ಹೋರಾಡುವ ಬಿಳಿಯ ಕಣಗಳು, ಗಾಯವಾದಾಗ ರಕ್ತವು ಹೆಪ್ಪುಗಟ್ಟಲು ನೆರವಾಗುವ ಕಿರುಬಿಲ್ಲೆಗಳು ಹೀಗೆ ಅವುಗಳಲ್ಲಿ ಹಲವು ಬಗೆ. ಇವುಗಳಲ್ಲಿ ಬಹುಪಾಲು ಕಣಗಳ ತವರು ಮೂಳೆಯೊಳಗಿನ ಮಜ್ಜೆ. ಆರೋಗ್ಯವಂತನಾದ ವಯಸ್ಕನ ಮಜ್ಜೆಯು ದಿನವೊಂದಕ್ಕೆ ಸುಮಾರು ೨೦,೦೦೦ ಕೋಟಿ ಕೆಂಪು ಕಣಗಳನ್ನು ತಯಾರಿಸುತ್ತದೆ. ದೇಹಕ್ಕೆ ರೋಗ ತಗುಲಿದಾಗ ಬಿಳಿಯ ಕಣಗಳ ಉತ್ಪಾದನೆಯು ತಾನೇ ತಾನಾಗಿ ಏರುತ್ತದೆ. ಮೂಳೆಯ ಒಳಗೆ ಅಡಗಿ ಕುಳಿತಿರುವ ಮಜ್ಜೆಗೆ, ಎಲ್ಲೋ ದೂರದಲ್ಲಿ ರೋಗಾಣುಗಳು ನುಗ್ಗಿದ ಸುದ್ದಿಯನ್ನು ತಲುಪಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆದರೆ ಆ ಉತ್ತರಕ್ಕೆ ಬೇಕಾದ ಅಡಿಗಲ್ಲುಗಳನ್ನು ಅದಕ್ಕೂ ಬಹಳ ಮೊದಲೇ ಇಟ್ಟವರು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್.

ಪಾಲ್ ಎರ್ಲಿಕ್ ೧೮೫೪ನೆಯ ಇಸವಿ ಮಾರ್ಚ್ ೧೪ರಂದು ಪ್ರಷ್ಯ ರಾಜ್ಯದ ಸೈಲೀಸಿಯ ಪ್ರಾಂತದ ಸ್ಟ್ರೇಲೆನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆ ಇಸ್ಮಾರ್ ಎರ್ಲಿಕ್, ತಾಯಿ ರೋಸಾ. ಅವರದು ಯೆಹೂದ್ಯ ಮನೆತನ. ತಂದೆ ಪಾನೀಯಗಳನ್ನು ತಯಾರಿಸುವ ವ್ಯಾಪಾರ ನಡೆಸುತ್ತಿದ್ದರು. ಪಾಲನನ್ನು ಬ್ರೆಸ್ಲಾವ್ ನಗರದ ಶಾಲೆಗೆ ಸೇರಿಸಲಾಯಿತು. ಲ್ಯಾಟಿನ್ ಭಾಷೆ ಮತ್ತು ಗಣಿತದಲ್ಲಿ ಹುಡುಗನಿಗೆ ಬಹಳ ಪ್ರೀತಿ. ಜರ್ಮನ್ ಪ್ರಬಂಧ ರಚನೆ ಎಂದರೆ ಅಷ್ಟೇ ಸಂಕಟ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಜೀವನವೊಂದು ಕನಸು ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಬೇಕಾಗಿತ್ತು. ಪಾಲನು ಕವಿಗಳ ದಾರಿ ಹಿಡಿಯದೆ, ಜೀವನವೆಂದರೆ ದೇಹದಲ್ಲಿ ನಡೆಯುವ ಉತ್ಕರ್ಷಣವೆಂದೂ ಕನಸು ಮಿದುಳಿನಲ್ಲಿ ನಡೆಯುವ ಅಂಥದೇ ಒಂದು ಕ್ರಿಯೆಯೆಂದೂ ಬರೆದನು. ಪರೀಕ್ಷಕರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಜೀವನದ ಗುಟ್ಟನ್ನು ರಸಾಯನಶಾಸ್ತ್ರದಲ್ಲಿ ಹುಡುಕುವ ಆ ಬುದ್ಧಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಎರ್ಲಿಕರ ತಾಯಿಯ ಕಡೆಯ ಸಂಬಂಧಿಯಾದ ಕಾರ್ಲ್ ವೀಗರ್ಟ್ ರೋಗವಿಜ್ಞಾನಿ. ಆ ಕಾಲದಲ್ಲಿ ಜರ್ಮನಿಯ ಕಾರ್ಖಾನೆಗಳು ಕಲ್ಲಿದ್ದಲಿನ ಡಾಂಬರಿನಿಂದ ಬಗೆಬಗೆಯ ಕೃತಕ ಬಣ್ಣಗಳನ್ನು ತಯಾರಿಸಲು ತೊಡಗಿದ್ದವು. ಬಟ್ಟೆಗೆ ಹಾಕಲೆಂದು ಸಿದ್ಧವಾದ ಆ ಬಣ್ಣಗಳನ್ನು ವೀಗರ್ಟರು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಅಂಗಾಂಶಗಳಿಗೆ ಬಳಸಿದರು. ಇದನ್ನು ಕಂಡ ಎರ್ಲಿಕರಿಗೆ ಬಣ್ಣದ ಹುಚ್ಚು ಹತ್ತಿತು. ಬ್ರೆಸ್ಲಾವ್, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯವಿದ್ಯೆಯನ್ನು ವ್ಯಾಸಂಗ ಮಾಡುವಾಗ ಪಾಠಗಳಿಗಿಂತ ಬಣ್ಣದ ಸೀಸೆಗಳೇ ಅವರಿಗೆ ಹೆಚ್ಚು ಪ್ರಿಯವಾದವು. ಅವರು ಕುಳಿತು ಕೆಲಸಮಾಡುತ್ತಿದ್ದ ಮೇಜು ಕಾಮನಬಿಲ್ಲಿನ ಎಲ್ಲ ಬಣ್ಣಗಳ ಕಲೆಗಳಿಂದ ತುಂಬಿರುತ್ತಿತ್ತು. ೧೮೭೮ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯವು ಅವರಿಗೆ ವೈದ್ಯಪದವಿಯನ್ನು ನೀಡಿತು. ಅವರು ಸಲ್ಲಿಸಿದ ಪ್ರಬಂಧದ ವಿಷಯವೂ ಅಂಗಾಂಶಗಳಿಗೆ ಬಣ್ಣ ಹಾಕುವ ವಿಧಾನವೇ ಆಗಿತ್ತು.

ಬಣ್ಣ ಹಾಕುವುದು ಕೇವಲ ಅಂದಕ್ಕಾಗಿ ಮಾಡುವ ಕೆಲಸವಲ್ಲವೆಂಬುದನ್ನು ಎರ್ಲಿಕರು ಬಹು ಬೇಗ ಮನಗಂಡರು. ಒಂದು ಬಣ್ಣವು ಜೀವಕೋಶದ ಒಂದು ಭಾಗಕ್ಕೆ ಅಂಟಿಕೊಂಡು ಇನ್ನೊಂದು ಭಾಗವನ್ನು ಮುಟ್ಟದೆ ಬಿಡುತ್ತದೆ. ಹಾಗಾದರೆ ಬಣ್ಣಕ್ಕೂ ಕೋಶದ ಆ ಭಾಗಕ್ಕೂ ನಡುವೆ ಯಾವುದೋ ರಾಸಾಯನಿಕ ನಂಟಿರಬೇಕು. ಆ ನಂಟು ಯಾವುದೆಂಬುದೇ ಅವರ ಜೀವಮಾನದ ಪ್ರಶ್ನೆಯಾಯಿತು.

೧೮೭೮ರಲ್ಲಿಯೇ ಎರ್ಲಿಕರು ಬರ್ಲಿನ್ ನಗರದ ಪ್ರಸಿದ್ಧ ಷರೀಟೆ ಆಸ್ಪತ್ರೆಯಲ್ಲಿ ಫ್ರೆರಿಕ್ಸ್ ಎಂಬ ಹಿರಿಯ ವೈದ್ಯರ ಸಹಾಯಕರಾಗಿ ಸೇರಿದರು. ತರುಣನ ಒಲವನ್ನು ಅರಿತ ಫ್ರೆರಿಕ್ಸರು ಅವರ ಸಂಶೋಧನೆಗೆ ಸಾಕಷ್ಟು ಬಿಡುವನ್ನು ಒದಗಿಸಿದರು. ಎರ್ಲಿಕರು ರೋಗಿಗಳ ರಕ್ತದ ಹನಿಯನ್ನು ಗಾಜಿನ ಮೇಲೆ ತೆಳುವಾಗಿ ಹರಡಿ, ಒಣಗಿಸಿ, ಬಿಸಿಮಾಡಿದ ತಾಮ್ರದ ತಗಡಿನ ಮೇಲಿಟ್ಟು ಸ್ಥಿರಗೊಳಿಸಿ, ಅದಕ್ಕೆ ಬಗೆಬಗೆಯ ಬಣ್ಣಗಳನ್ನು ಹಾಕಿ ನೋಡಿದರು. ಅಲ್ಲಿಯವರೆಗೆ ಬಿಳಿಯ ಕಣಗಳೆಂಬ ಒಂದೇ ಹೆಸರಿನಲ್ಲಿ ಅಡಗಿದ್ದ ಕಣಗಳು ಈಗ ಬೇರೆ ಬೇರೆಯಾಗಿ ಗೋಚರಿಸಿದವು. ಕೆಲವು ಕಣಗಳ ಒಳಗಿನ ಹರಳುಗಳು ಇಯೊಸಿನ್ ಎಂಬ ಆಮ್ಲೀಯ ಬಣ್ಣವನ್ನು ಹೀರಿ ಕೆಂಪಾದವು. ಕೆಲವು ಪ್ರತ್ಯಾಮ್ಲೀಯ ಬಣ್ಣವನ್ನು ಹೀರಿದವು. ಇನ್ನು ಕೆಲವು ತಟಸ್ಥ ಬಣ್ಣಕ್ಕೆ ಮಾತ್ರ ಒಲಿದವು. ಇಯೊಸಿನೊಫಿಲ್, ಬೇಸೊಫಿಲ್, ನ್ಯೂಟ್ರೊಫಿಲ್ ಎಂಬ ಹೆಸರುಗಳು ಹುಟ್ಟಿದ್ದು ಈ ರೀತಿ. ಇಂದು ಯಾವುದೇ ಊರಿನ ರಕ್ತಪರೀಕ್ಷಾ ಕೇಂದ್ರದಲ್ಲಿ ಬಿಳಿಯ ಕಣಗಳನ್ನು ಬಗೆಬಗೆಯಾಗಿ ಎಣಿಸಿ ಬರೆದುಕೊಡುವ ಚೀಟಿಯಲ್ಲಿ ಈ ಹೆಸರುಗಳನ್ನು ಕಾಣಬಹುದು.

ಕಣಗಳನ್ನು ವಿಂಗಡಿಸಿದ ಮೇಲೆ ಅವು ಎಲ್ಲಿ ಹುಟ್ಟುತ್ತವೆ ಎಂಬ ವಿಚಾರ ಬಂದಿತು. ಒಳಗೆ ಹರಳುಗಳಿರುವ ಬಿಳಿಯ ಕಣಗಳು ಮೂಳೆಯ ಮಜ್ಜೆಯಿಂದ ಬರುತ್ತವೆಂದೂ, ಹರಳುಗಳಿಲ್ಲದ ದುಂಡನೆಯ ಲಿಂಫೊಸೈಟುಗಳು ದುಗ್ಧಗ್ರಂಥಿಗಳಿಗೆ ಸಂಬಂಧಿಸಿದವೆಂದೂ ಎರ್ಲಿಕರು ಪ್ರತಿಪಾದಿಸಿದರು. ಜ್ವರ ಬಂದವರ ರಕ್ತದಲ್ಲಿ ನ್ಯೂಟ್ರೊಫಿಲ್ ಕಣಗಳು ಹೆಚ್ಚಾಗಿರುವುದಕ್ಕೆ ಮಜ್ಜೆಯೇ ಮೂಲವೆಂಬುದು ಅವರ ನಿಲುವಾಗಿತ್ತು. ರಕ್ತಹೀನತೆಯ ರೋಗಗಳನ್ನು ಕುರಿತು ಅವರು ಲಜಾರಸ್ ಎಂಬ ವೈದ್ಯರೊಡನೆ ಸೇರಿ ೧೮೯೮ರಲ್ಲಿ ಪ್ರಕಟಿಸಿದ ಗ್ರಂಥವು ಬಹುಕಾಲ ವೈದ್ಯರಿಗೆ ಆಧಾರಗ್ರಂಥವಾಗಿತ್ತು.

೧೮೮೮ರಲ್ಲಿ ಎರ್ಲಿಕರು ವಿವರಿಸಿದ ಒಂದು ರೋಗದ ಪ್ರಸಂಗವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಎಳೆಯ ವಯಸ್ಸಿನ ಹೆಂಗಸೊಬ್ಬಳು ತೀವ್ರವಾದ ರಕ್ತಹೀನತೆಯಿಂದಲೂ ರಕ್ತಸ್ರಾವದಿಂದಲೂ ಬಳಲಿ ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡಳು. ಸಾಮಾನ್ಯವಾಗಿ ರಕ್ತ ಕಡಮೆಯಾದಾಗ ಮಜ್ಜೆಯು ಚುರುಕಾಗಿ, ಇನ್ನೂ ಬಲಿಯದ ಕೆಂಪು ಕಣಗಳನ್ನೂ ರಕ್ತಕ್ಕೆ ಕಳುಹಿಸಿಕೊಡುತ್ತದೆ. ಈ ಹೆಂಗಸಿನ ರಕ್ತದಲ್ಲಿ ಅಂಥ ಎಳೆಯ ಕಣಗಳ ಸುಳಿವೇ ಇರಲಿಲ್ಲ. ಮರಣಾನಂತರ ಪರೀಕ್ಷಿಸಿದಾಗ, ಕೆಂಪಾಗಿ ಇರಬೇಕಾಗಿದ್ದ ಮಜ್ಜೆಯು ಬರಿಯ ಕೊಬ್ಬಾಗಿ ಹಳದಿಗಟ್ಟಿತ್ತು. ರಕ್ತವು ಸೋರಿಹೋದದ್ದಷ್ಟೇ ಕಾರಣವಲ್ಲ, ರಕ್ತವನ್ನು ತಯಾರಿಸುವ ಮೂಲವೇ ಬತ್ತಿಹೋಗಿದೆ ಎಂದು ಎರ್ಲಿಕರು ತೀರ್ಮಾನಿಸಿದರು. ಈ ರೋಗವು ಮುಂದೆ ಅಪ್ಲಾಸ್ಟಿಕ್ ರಕ್ತಹೀನತೆ ಎಂಬ ಹೆಸರನ್ನು ಪಡೆಯಿತು. ಮಜ್ಜೆಯು ಏಕೆ ಬತ್ತಿತು ಎಂಬುದು ಅವರಿಗೂ ಅವರ ಕಾಲದವರಿಗೂ ಬಗೆಹರಿಯದ ಒಗಟಾಗಿಯೇ ಉಳಿಯಿತು.

ಈ ಅವಧಿಯಲ್ಲಿ ಎರ್ಲಿಕರ ಜೀವನದಲ್ಲಿ ಸುಖದುಃಖಗಳೆರಡೂ ಬಂದವು. ೧೮೮೨ನೆಯ ಮಾರ್ಚ್ ೨೪ರಂದು ರಾಬರ್ಟ್ ಕಾಕ್ ಅವರು ಕ್ಷಯರೋಗದ ರೋಗಾಣುವನ್ನು ಕಂಡುಹಿಡಿದುದಾಗಿ ಬರ್ಲಿನ್ನಿನಲ್ಲಿ ಪ್ರಕಟಿಸಿದಾಗ ಎರ್ಲಿಕರೂ ಆ ಸಭೆಯಲ್ಲಿದ್ದರು. ಆ ರೋಗಾಣುವಿಗೆ ಇನ್ನೂ ಸುಲಭವಾಗಿ ಬಣ್ಣ ಹಾಕುವ ವಿಧಾನವನ್ನು ಅವರು ಕೆಲವೇ ವಾರಗಳಲ್ಲಿ ಕಂಡುಹಿಡಿದರು. ಇದರಿಂದ ಕಾಕ್ ಅವರ ಸ್ನೇಹ ಲಭಿಸಿತು. ೧೮೮೩ರಲ್ಲಿ ಹೆಡ್‌ವಿಗ್ ಪಿಂಕಸ್ ಎಂಬಾಕೆಯೊಡನೆ ಅವರ ವಿವಾಹವಾಯಿತು. ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ಆದರೆ ೧೮೮೫ರಲ್ಲಿ ಫ್ರೆರಿಕ್ಸರು ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಎರ್ಲಿಕರಿಗೆ ಮೊದಲಿನ ಸ್ವಾತಂತ್ರ್ಯ ಉಳಿಯಲಿಲ್ಲ. ೧೮೮೮ರಲ್ಲಿ ಅವರು ತಮ್ಮ ಕಫವನ್ನು ತಾವೇ ರೂಪಿಸಿದ ವಿಧಾನದಿಂದ ಪರೀಕ್ಷಿಸಿದಾಗ ಕ್ಷಯದ ರೋಗಾಣುಗಳು ಕಂಡುಬಂದವು. ಆ ದಿನಗಳಲ್ಲಿ ಕ್ಷಯಕ್ಕೆ ಔಷಧವಿರಲಿಲ್ಲ. ಎರ್ಲಿಕರು ಪತ್ನಿಯೊಡನೆ ಒಣ ಹವೆಯ ಈಜಿಪ್ಟ್ ದೇಶಕ್ಕೆ ತೆರಳಿ, ಅಲ್ಲಿ ಚೇತರಿಸಿಕೊಂಡು ೧೮೮೯ರಲ್ಲಿ ಹಿಂದಿರುಗಿದರು. ಬರ್ಲಿನ್ನಿಗೆ ಬಂದಾಗ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಬಾಡಿಗೆಯ ಸಣ್ಣ ಕೋಣೆಯೊಂದನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಕೆಲಸ ಮುಂದುವರಿಸಿದರು.

ಆಗ ಅವರು ಕೈಗೊಂಡ ಪ್ರಯೋಗಗಳಿಗೆ ಬಳಸಿದ ವಸ್ತುಗಳು ನಮ್ಮ ಹಳ್ಳಿಗಾಡಿನವರಿಗೂ ಪರಿಚಿತವಾದವು. ಒಂದು ಹರಳುಬೀಜದಲ್ಲಿರುವ ರಿಸಿನ್ ಎಂಬ ವಿಷ. ಇನ್ನೊಂದು ಗುಲಗಂಜಿಯಲ್ಲಿರುವ ಅಬ್ರಿನ್ ಎಂಬ ವಿಷ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಆ ಕೆಂಪು ಕಪ್ಪು ಕಾಳಿನಲ್ಲಿ ಪ್ರಾಣವನ್ನೇ ತೆಗೆಯಬಲ್ಲ ವಿಷವಿದೆ. ಎರ್ಲಿಕರು ಇಲಿಗಳಿಗೆ ಈ ವಿಷಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ತಿನ್ನಿಸಿ, ದಿನದಿಂದ ದಿನಕ್ಕೆ ಪ್ರಮಾಣವನ್ನು ಏರಿಸುತ್ತ ಹೋದರು. ಕೊನೆಗೆ ಆ ಇಲಿಗಳು ಸಾಮಾನ್ಯ ಇಲಿಗಳನ್ನು ಕೊಲ್ಲುವುದಕ್ಕಿಂತ ಅನೇಕ ಪಟ್ಟು ಹೆಚ್ಚಿನ ವಿಷವನ್ನು ಸಹಿಸಿಕೊಂಡವು. ಆದರೆ ರಿಸಿನ್ ಸಹಿಸುವ ಇಲಿಯು ಅಬ್ರಿನ್ನಿಗೆ ಬಲಿಯಾಗುತ್ತಿತ್ತು. ಹಾಗಾದರೆ ಒಂದೊಂದು ವಿಷಕ್ಕೂ ಒಂದೊಂದು ಪ್ರತ್ಯೇಕ ಪ್ರತಿವಿಷವು ರಕ್ತದಲ್ಲಿ ಹುಟ್ಟುತ್ತದೆಂದು ಸ್ಪಷ್ಟವಾಯಿತು. ಮುಂದೆ ಅವರು ಮರಿಗಳನ್ನು ಅದಲುಬದಲು ಮಾಡಿ ಬೇರೆ ತಾಯಿಯ ಹಾಲನ್ನು ಕುಡಿಸಿದರು. ರಕ್ಷಣೆ ಪಡೆದ ತಾಯಿಯ ಹಾಲಿನೊಡನೆ ಆ ರಕ್ಷಣೆಯೂ ಮರಿಗೆ ಸಾಗುವುದನ್ನು ತೋರಿಸಿಕೊಟ್ಟರು.

೧೮೯೧ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪನೆಯಾದ ಸಾಂಕ್ರಾಮಿಕ ರೋಗಗಳ ಸಂಸ್ಥೆಗೆ ಕಾಕ್ ಅವರು ಎರ್ಲಿಕರನ್ನು ಬರಮಾಡಿಕೊಂಡರು. ಅಂದು ಯೂರೋಪಿನಲ್ಲಿ ಗಂಟಲಮಾರಿ ರೋಗವು ಪ್ರತಿವರ್ಷ ಸಹಸ್ರಾರು ಮಕ್ಕಳನ್ನು ಆಹುತಿ ತೆಗೆದುಕೊಳ್ಳುತ್ತಿತ್ತು. ೧೮೯೦ರಲ್ಲಿ ಬೆಹ್ರಿಂಗ್ ಮತ್ತು ಜಪಾನಿನ ಕಿಟಸಾಟೊ, ರೋಗಾಣು ವಿಷದಿಂದ ರಕ್ಷಣೆ ಪಡೆದ ಪ್ರಾಣಿಗಳ ರಕ್ತದ ಸೀರಮ್ಮಿನಲ್ಲಿ ಪ್ರತಿವಿಷವಿದೆಯೆಂದು ತೋರಿಸಿದ್ದರು. ಆದರೆ ಆ ಸೀರಮ್ಮು ಒಮ್ಮೆ ಗುಣ ತೋರಿದರೆ ಇನ್ನೊಮ್ಮೆ ವ್ಯರ್ಥವಾಗುತ್ತಿತ್ತು. ಅದರ ಬಲವನ್ನು ಹೆಚ್ಚಿಸುವ ಕ್ರಮವನ್ನು ಎರ್ಲಿಕರು ರೂಪಿಸಿದರು. ಅಷ್ಟೇ ಅಲ್ಲ, ಒಂದು ಗೊತ್ತಾದ ಸೀರಮ್ಮನ್ನು ಒಣಗಿಸಿ, ಗಾಳಿ ತೆಗೆದ ಗಾಜಿನ ನಳಿಕೆಯಲ್ಲಿ ಬೆಳಕು ತೇವಗಳು ತಾಕದಂತೆ ಕಾಪಾಡಿ, ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದೆಲ್ಲ ಸೀರಮ್ಮುಗಳ ಬಲವನ್ನು ಅಳೆಯುವ ಪದ್ಧತಿಯನ್ನು ಜಾರಿಗೆ ತಂದರು. ಇದರಿಂದ ವೈದ್ಯನಿಗೆ ತಾನು ಮಗುವಿಗೆ ಕೊಡುತ್ತಿರುವ ಔಷಧದ ಪ್ರಮಾಣ ಖಚಿತವಾಗಿ ತಿಳಿಯುವಂತಾಯಿತು. ಪ್ರತಿವಿಷದಿಂದ ಬಂದ ಕೀರ್ತಿಯಲ್ಲಿಯೂ ಧನದಲ್ಲಿಯೂ ದೊಡ್ಡ ಪಾಲು ಬೆಹ್ರಿಂಗರದಾಯಿತು. ಈ ನೋವು ಎರ್ಲಿಕರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಆದರೂ ಅವರು ಕೆಲಸವನ್ನು ನಿಲ್ಲಿಸಲಿಲ್ಲ. ೧೮೯೬ರಲ್ಲಿ ಬರ್ಲಿನ್ನಿನ ಬಳಿಯ ಸ್ಟೆಗ್ಲಿಟ್ಸ್‌ನಲ್ಲಿ ಸೀರಮ್ ಪರೀಕ್ಷೆಗಾಗಿ ಸರ್ಕಾರವು ತೆರೆದ ಸಂಸ್ಥೆಗೆ ಅವರೇ ನಿರ್ದೇಶಕರಾದರು. ೧೮೯೯ರಲ್ಲಿ ಆ ಸಂಸ್ಥೆಯು ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ಇನ್ನೂ ದೊಡ್ಡದಾಗಿ ಬೆಳೆಯಿತು.

ಪ್ರತಿವಿಷವು ದೇಹದಲ್ಲಿ ಹುಟ್ಟುವ ಬಗೆಯನ್ನು ವಿವರಿಸಲು ಎರ್ಲಿಕರು ೧೮೯೭ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಅದಕ್ಕೆ ಪಾರ್ಶ್ವಸರಣಿ ಸಿದ್ಧಾಂತವೆಂದು ಹೆಸರು. ಜೀವಕೋಶದ ಮೈಮೇಲೆ ಕೈಗಳಂತೆ ಚಾಚಿಕೊಂಡಿರುವ ಅಣುಗುಂಪುಗಳಿವೆ. ಅವು ಆಹಾರದ ಅಣುಗಳನ್ನು ಹಿಡಿಯಲು ಇರುವಂಥವು. ಬೀಗಕ್ಕೆ ತಕ್ಕ ಕೀಲಿ ಹೊಂದುವಂತೆ, ರೋಗಾಣುವಿನ ವಿಷವೂ ಇಂಥ ಒಂದು ಕೈಗೆ ಹೊಂದಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಕೋಶವು ನಷ್ಟವನ್ನು ತುಂಬಲು ಅದೇ ಬಗೆಯ ಕೈಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಬೆಳೆಸುತ್ತದೆ. ಹೆಚ್ಚಾದವು ಕಳಚಿ ರಕ್ತದಲ್ಲಿ ಸೇರುತ್ತವೆ. ಅವೇ ಪ್ರತಿವಿಷಗಳು. ಇಂಥ ಕೈಗಳಿಗೆ ಅವರು ೧೯೦೦ರಲ್ಲಿ ರಿಸೆಪ್ಟರ್, ಎಂದರೆ ಗ್ರಾಹಿ, ಎಂಬ ಹೆಸರನ್ನಿತ್ತರು. ಈ ಸಿದ್ಧಾಂತದ ವಿವರಗಳಲ್ಲಿ ಹಲವು ಮುಂದೆ ತಿದ್ದುಪಡಿ ಹೊಂದಿದವು. ಪ್ರತಿಕಾಯಗಳನ್ನು ತಯಾರಿಸುವುದು ಎಲ್ಲ ಕೋಶಗಳ ಕೆಲಸವಲ್ಲ, ಬಿ ಲಿಂಫೊಸೈಟುಗಳೆಂಬ ವಿಶೇಷ ಕಣಗಳ ಕೆಲಸವೆಂಬುದು ಇಂದು ತಿಳಿದಿದೆ. ಆದರೆ ಕೋಶದ ಮೈಮೇಲೆ ಗ್ರಾಹಿಗಳಿವೆ, ಹೊರಗಿನಿಂದ ಬರುವ ಅಣುಗಳು ಅವುಗಳಿಗೆ ಹೊಂದಿಕೊಂಡು ಕೋಶದ ನಡತೆಯನ್ನು ಬದಲಿಸುತ್ತವೆ ಎಂಬ ಮೂಲಭಾವನೆ ಇಂದಿಗೂ ಅಚಲವಾಗಿ ನಿಂತಿದೆ.

ಇದೇ ಕಾಲದಲ್ಲಿ ಅವರಿಗೆ ಮತ್ತೊಂದು ಸಂದೇಹ ಬಂದಿತು. ದೇಹವು ಪರಕೀಯ ವಸ್ತುಗಳ ವಿರುದ್ಧ ಇಂಥ ಆಯುಧಗಳನ್ನು ತಯಾರಿಸುವುದಾದರೆ, ತನ್ನ ಅಂಗಗಳ ವಿರುದ್ಧವೇ ಏಕೆ ತಯಾರಿಸಬಾರದು? ಆಡುಗಳ ಮೇಲೆ ಪ್ರಯೋಗ ನಡೆಸಿ, ಒಂದು ಆಡಿಗೆ ಇನ್ನೊಂದು ಆಡಿನ ರಕ್ತವನ್ನು ಚುಚ್ಚಿದರೆ ಆ ರಕ್ತದ ಕಣಗಳನ್ನು ನಾಶಮಾಡುವ ವಸ್ತು ಹುಟ್ಟುತ್ತದೆ, ಆದರೆ ಅದು ಆ ಆಡಿನ ಸ್ವಂತ ಕಣಗಳಿಗೆ ಹಾನಿಮಾಡುವುದಿಲ್ಲ ಎಂಬುದನ್ನು ಎರ್ಲಿಕರು ಕಂಡರು. ತನ್ನನ್ನು ತಾನೇ ವಿಷಪಡಿಸಿಕೊಳ್ಳಲು ದೇಹವು ಹೆದರುತ್ತದೆ, ಅದನ್ನು ತಡೆಯುವ ವ್ಯವಸ್ಥೆ ದೇಹದಲ್ಲಿಯೇ ಇದೆ ಎಂಬುದು ಅವರ ತೀರ್ಮಾನವಾಯಿತು. ರೋಗರಕ್ಷಣೆಯನ್ನು ಕುರಿತ ಈ ಎಲ್ಲ ಸಂಶೋಧನೆಗಳಿಗಾಗಿ ೧೯೦೮ರ ನೊಬೆಲ್ ಪಾರಿತೋಷಕವನ್ನು ಎರ್ಲಿಕರಿಗೂ ರಷ್ಯದ ಮೆಚ್ನಿಕಾಫರಿಗೂ ಹಂಚಿಕೊಡಲಾಯಿತು. ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವುದೇ ರಕ್ಷಣೆಯೆಂದು ಮೆಚ್ನಿಕಾಫರು ವಾದಿಸುತ್ತಿದ್ದರು. ರಕ್ತದ್ರವದಲ್ಲಿರುವ ಪ್ರತಿವಸ್ತುಗಳೇ ಮುಖ್ಯವೆಂಬ ಪಕ್ಷವನ್ನು ಎರ್ಲಿಕರು ಹಿಡಿದಿದ್ದರು. ಎರಡೂ ಸತ್ಯದ ಭಾಗಗಳೇ ಎಂಬುದು ಕಾಲಕ್ರಮದಲ್ಲಿ ಸಿದ್ಧವಾಯಿತು.

ಎರ್ಲಿಕರ ದಿನಚರಿ ವಿಚಿತ್ರವಾಗಿತ್ತು. ಊಟದ ಪರಿವೆ ಅವರಿಗೆ ಕಡಮೆ. ಕಂಕುಳಲ್ಲಿ ಸದಾ ಚುಟ್ಟಾದ ಪೆಟ್ಟಿಗೆ. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಚುಟ್ಟಾ ಸೇದುವ ಈ ಕೆಟ್ಟ ಚಟ ಅವರ ಆರೋಗ್ಯವನ್ನು ಕುಗ್ಗಿಸಿತು. ಅವರ ಕೋಣೆಯಲ್ಲಿ ಪುಸ್ತಕಗಳೂ ಪತ್ರಿಕೆಗಳೂ ಕುರ್ಚಿಗಳ ಮೇಲೆಲ್ಲ ರಾಶಿಬಿದ್ದು, ಬಂದವರಿಗೆ ಕುಳಿತುಕೊಳ್ಳಲು ಸ್ಥಳವಿರುತ್ತಿರಲಿಲ್ಲ. ಪ್ರತಿದಿನ ಯಾವ ಸಹಾಯಕನು ಯಾವ ಪ್ರಯೋಗ ಮಾಡಬೇಕೆಂಬುದನ್ನು ಬಣ್ಣಬಣ್ಣದ ಚೀಟಿಗಳಲ್ಲಿ ಬರೆದು ಹಂಚುತ್ತಿದ್ದರು. ದಣಿವಾದಾಗ ಪತ್ತೇದಾರಿ ಕಥೆಗಳನ್ನು ಓದುವುದು ಅವರಿಗೆ ಪ್ರಿಯವಾದ ವಿಶ್ರಾಂತಿ. ಆ ಕಾಲದ ಪ್ರಷ್ಯದಲ್ಲಿ ಯೆಹೂದ್ಯರಿಗೆ ವಿಶ್ವವಿದ್ಯಾಲಯದ ಪೂರ್ಣ ಪ್ರಾಧ್ಯಾಪಕ ಪೀಠ ಸುಲಭವಾಗಿ ದೊರೆಯುತ್ತಿರಲಿಲ್ಲ. ಅನೇಕರು ಮತಾಂತರ ಹೊಂದಿ ಆ ಅಡ್ಡಿಯನ್ನು ದಾಟಿದರು. ಎರ್ಲಿಕರು ಆ ದಾರಿಯನ್ನು ಹಿಡಿಯಲಿಲ್ಲ.

ಬಣ್ಣವು ಒಂದು ಕೋಶವನ್ನು ಮಾತ್ರ ಆರಿಸಿ ಹಿಡಿಯುವುದಾದರೆ, ರೋಗಾಣುವನ್ನು ಮಾತ್ರ ಆರಿಸಿ ಕೊಲ್ಲುವ ಔಷಧವೂ ಸಾಧ್ಯವಿರಬೇಕೆಂದು ಎರ್ಲಿಕರು ತರ್ಕಿಸಿದರು. ೧೮೯೧ರಲ್ಲಿಯೇ ಅವರು ಮೆಥಿಲೀನ್ ನೀಲಿ ಎಂಬ ಬಣ್ಣವನ್ನು ಇಬ್ಬರು ಮಲೇರಿಯ ರೋಗಿಗಳಿಗೆ ಕೊಟ್ಟು ನೋಡಿದ್ದರು. ಫ್ರಾನ್ಸಿಸ್ಕ ಸ್ಪೆಯರ್ ಎಂಬ ಮಹಿಳೆ ದಿವಂಗತ ಪತಿಯ ನೆನಪಿಗಾಗಿ ನೀಡಿದ ಧನದಿಂದ ೧೯೦೬ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹೊಸ ಸಂಶೋಧನಾಲಯವೊಂದು ಆರಂಭವಾಯಿತು. ಅಲ್ಲಿ ಆರ್ಸೆನಿಕ್ ಸೇರಿದ ನೂರಾರು ಸಂಯುಕ್ತಗಳನ್ನು ಒಂದೊಂದಾಗಿ ತಯಾರಿಸಿ ಪರೀಕ್ಷಿಸಲಾಯಿತು. ೬೦೬ನೆಯ ಸಂಖ್ಯೆಯ ವಸ್ತುವು ಮೊದಲ ಪರೀಕ್ಷೆಯಲ್ಲಿ ನಿಷ್ಪ್ರಯೋಜಕವೆಂದು ಮೂಲೆಗೆ ಬಿದ್ದಿತ್ತು. ೧೯೦೯ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾಟಾ ಅದನ್ನು ಸಿಫಿಲಿಸ್ ಎಂಬ ಭೀಕರ ಲೈಂಗಿಕ ರೋಗ ತಗುಲಿದ ಮೊಲಗಳ ಮೇಲೆ ತಾಳ್ಮೆಯಿಂದ ಮತ್ತೆ ಪರೀಕ್ಷಿಸಿದರು. ಮೊಲಗಳು ಗುಣಹೊಂದಿದವು. ೧೯೧೦ರಲ್ಲಿ ಆ ಔಷಧವು ಸಾಲ್ವರ್ಸಾನ್ ಎಂಬ ಹೆಸರಿನಿಂದ ಲೋಕಕ್ಕೆ ತಿಳಿಯಿತು. ಮಾರಾಟಕ್ಕೆ ಬಿಡುವ ಮೊದಲು ಸುಮಾರು ೬೫,೦೦೦ ಪ್ರಮಾಣಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ, ಅದರ ಗುಣದೋಷಗಳ ವರದಿಗಳನ್ನು ತರಿಸಿಕೊಳ್ಳಲಾಯಿತು.

ಔಷಧದೊಡನೆ ಕಷ್ಟಗಳೂ ಬಂದವು. ಸಾಲ್ವರ್ಸಾನ್ ಗಾಳಿ ತಾಕಿದರೆ ಕೆಡುವ ವಸ್ತು; ಅದನ್ನು ಕರಗಿಸಿ ರಕ್ತನಾಳಕ್ಕೆ ಕೊಡುವುದು ನಾಜೂಕಿನ ಕೆಲಸ. ಅಲ್ಲಲ್ಲಿ ಕೆಲವರು ರೋಗಿಗಳಿಗೆ ಅಪಾಯ ಸಂಭವಿಸಿತು, ಕೆಲವರು ಮರಣಹೊಂದಿದರು. ಎರ್ಲಿಕರು ಇಂಥ ಪ್ರತಿಯೊಂದು ಪ್ರಸಂಗದ ಕಾರಣವನ್ನು ಪತ್ರಗಳ ಮೂಲಕ ವಿಚಾರಿಸಿ ತಿಳಿಯಲು ಶ್ರಮಿಸಿದರು. ೧೯೧೨ರಲ್ಲಿ ಹೆಚ್ಚು ಸುಲಭವಾಗಿ ಕರಗುವ ನಿಯೊಸಾಲ್ವರ್ಸಾನ್ ಹೊರಬಂದಿತು. ಆದರೂ ಅವರ ಮೇಲೆ ಪತ್ರಿಕೆಗಳಲ್ಲಿ ಆಪಾದನೆಗಳ ಸುರಿಮಳೆಯಾಯಿತು. ಹಣಕ್ಕಾಗಿ ರೋಗಿಗಳ ಪ್ರಾಣದೊಡನೆ ಆಟವಾಡುತ್ತಾರೆಂದು ನಿಂದಿಸಿದವರೂ ಇದ್ದರು. ೧೯೧೪ರಲ್ಲಿ ಈ ವಿವಾದವು ಫ್ರಾಂಕ್‌ಫರ್ಟಿನ ನ್ಯಾಯಾಲಯದ ಮೆಟ್ಟಿಲೇರಿತು. ಎರ್ಲಿಕರೂ ಸಾಕ್ಷ್ಯ ನುಡಿದರು. ಆಪಾದನೆ ಮಾಡಿದವನಿಗೆ ಶಿಕ್ಷೆಯಾಯಿತು. ಆದರೆ ಈ ಹೋರಾಟ ಅವರ ದೇಹವನ್ನು ಜರ್ಜರಿತಗೊಳಿಸಿತ್ತು. ಅದೇ ವರ್ಷ ಮಹಾಯುದ್ಧವೂ ಆರಂಭವಾಗಿ, ದೇಶದೇಶಗಳ ವಿಜ್ಞಾನಿಗಳ ನಡುವಣ ಸಂಪರ್ಕ ಕಡಿದುಹೋಯಿತು. ೧೯೧೫ನೆಯ ಆಗಸ್ಟ್ ೨೦ರಂದು ಬಾಡ್ ಹೊಂಬರ್ಗ್ ಎಂಬಲ್ಲಿ ಹೃದಯದ ತೊಂದರೆಯಿಂದ ಎರ್ಲಿಕರು ನಿಧನರಾದರು. ಆಗ ಅವರಿಗೆ ೬೧ ವರ್ಷ.

ಮರಣಾನಂತರವೂ ಅವರ ಹೆಸರಿಗೆ ಪರೀಕ್ಷೆ ತಪ್ಪಲಿಲ್ಲ. ನಾಜಿಗಳ ಆಳ್ವಿಕೆಯಲ್ಲಿ, ಅವರು ಯೆಹೂದ್ಯರೆಂಬ ಒಂದೇ ಕಾರಣಕ್ಕೆ ಫ್ರಾಂಕ್‌ಫರ್ಟಿನ ಬೀದಿಯೊಂದಕ್ಕಿದ್ದ ಅವರ ಹೆಸರನ್ನು ಅಳಿಸಲಾಯಿತು. ವೃದ್ಧೆಯಾದ ಹೆಡ್‌ವಿಗ್ ದೇಶವನ್ನು ಬಿಟ್ಟು ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಬೀದಿಗೆ ಅವರ ಹೆಸರು ಮರಳಿ ಬಂದಿತು. ಅವರು ಸ್ಥಾಪಿಸಿ ಬೆಳೆಸಿದ ಸೀರಮ್ ಸಂಸ್ಥೆಯು ಇಂದು ಪಾಲ್ ಎರ್ಲಿಕ್ ಸಂಸ್ಥೆ ಎಂಬ ಹೆಸರಿನಲ್ಲಿ ಜರ್ಮನಿಯ ಲಸಿಕೆಗಳ ಗುಣವನ್ನು ಪರಿಶೀಲಿಸುತ್ತಿದೆ.

ಎರ್ಲಿಕರು ತಮ್ಮ ಜೀವನದಲ್ಲಿ ಮಜ್ಜೆಯನ್ನೂ ಕಂಡರು, ಗ್ರಾಹಿಯನ್ನೂ ಊಹಿಸಿದರು. ಆದರೆ ಇವೆರಡನ್ನೂ ಬೆಸೆಯುವ ಕೊಂಡಿ ಅವರ ಕಾಲದಲ್ಲಿ ದೊರೆಯಲಿಲ್ಲ. ೧೯೬೫ ಮತ್ತು ೧೯೬೬ರಲ್ಲಿ ಇಸ್ರೇಲ್ ಮತ್ತು ಆಸ್ಟ್ರೇಲಿಯದ ವಿಜ್ಞಾನಿಗಳು ಮಜ್ಜೆಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಕೆಲವು ಪ್ರೋಟೀನುಗಳ ಪ್ರೇರಣೆಯಿದ್ದರೆ ಮಾತ್ರ ಅವು ಬಿಳಿಯ ಕಣಗಳ ಗುಂಪುಗಳಾಗಿ ವೃದ್ಧಿಸುವುದನ್ನು ತೋರಿಸಿದರು. ಇಂಥ ದೂತ ಪ್ರೋಟೀನುಗಳಿಗೆ ಸೈಟೊಕೈನುಗಳೆಂದು ಹೆಸರು. ರೋಗಾಣುಗಳು ನುಗ್ಗಿದೆಡೆಯಲ್ಲಿ ರಕ್ಷಕ ಕೋಶಗಳು ಇವುಗಳನ್ನು ರಕ್ತಕ್ಕೆ ಬಿಡುತ್ತವೆ. ಇವು ಮಜ್ಜೆಗೆ ತಲುಪಿ, ಅಲ್ಲಿನ ಕೋಶಗಳ ಗ್ರಾಹಿಗಳಿಗೆ ಹೊಂದಿಕೊಂಡು, ನ್ಯೂಟ್ರೊಫಿಲ್ ಕಣಗಳನ್ನು ಹೆಚ್ಚಾಗಿ ತಯಾರಿಸುವಂತೆ ಪ್ರೇರೇಪಿಸುತ್ತವೆ. ಅಂಥ ಒಂದು ಪ್ರೋಟೀನನ್ನು ೧೯೯೧ರಿಂದ ಔಷಧವಾಗಿಯೂ ಬಳಸಲಾಗುತ್ತಿದೆ. ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿಯ ಕಣಗಳು ಕುಸಿದ ರೋಗಿಗಳಿಗೆ ಅದು ಆಸರೆಯಾಗಿದೆ.

ಈ ದೂತರು ಯಾವಾಗಲೂ ಹಿತವನ್ನೇ ಮಾಡುವರೆಂದಲ್ಲ. ದೀರ್ಘಕಾಲದ ರೋಗಗಳಲ್ಲಿ ಇಂಟರ್‌ಲ್ಯೂಕಿನ್-೬ ಎಂಬ ಸೈಟೊಕೈನಿನ ಪ್ರೇರಣೆಯಿಂದ ಯಕೃತ್ತು ಹೆಪ್ಸಿಡಿನ್ ಎಂಬ ವಸ್ತುವನ್ನು ಹೆಚ್ಚಾಗಿ ಬಿಡುತ್ತದೆ. ಆಗ ದೇಹದಲ್ಲಿ ಕಬ್ಬಿಣದ ಅಂಶವಿದ್ದರೂ ಅದು ಮಜ್ಜೆಗೆ ಸಾಕಷ್ಟು ದೊರೆಯದೆ ಕೆಂಪು ಕಣಗಳು ಕಡಮೆಯಾಗುತ್ತವೆ. ೧೮೮೮ರಲ್ಲಿ ಎರ್ಲಿಕರನ್ನು ಕಾಡಿದ ಮಜ್ಜೆ ಬತ್ತುವ ರೋಗದ ಒಗಟೂ ಈ ದಾರಿಯಲ್ಲಿಯೇ ಬಹುಮಟ್ಟಿಗೆ ಬಿಡಿಸಿತು. ಅಂಥ ರೋಗಿಗಳಲ್ಲಿ ಹೆಚ್ಚಿನವರ ಲಿಂಫೊಸೈಟುಗಳು ದಾರಿತಪ್ಪಿ, ಇಂಟರ್‌ಫೆರಾನ್-ಗ್ಯಾಮ ಮೊದಲಾದ ಸೈಟೊಕೈನುಗಳನ್ನು ಸುರಿಸಿ, ತಮ್ಮದೇ ಮಜ್ಜೆಯ ಮೂಲಕೋಶಗಳನ್ನು ನಾಶಮಾಡುತ್ತವೆ. ದೇಹವು ಹೆದರಿ ದೂರವಿರುತ್ತದೆಂದು ಎರ್ಲಿಕರು ಭಾವಿಸಿದ್ದ ಆತ್ಮಘಾತವೇ ಅವರು ಕಂಡ ರೋಗದ ಹಿಂದೆ ಅಡಗಿರುತ್ತದೆಂದು ಅವರಿಗೆ ತಿಳಿಯುವಂತಿರಲಿಲ್ಲ. ಇಂದು ಈ ರೋಗಿಗಳಲ್ಲಿ ಅನೇಕರನ್ನು ಲಿಂಫೊಸೈಟುಗಳನ್ನು ಹತೋಟಿಗೆ ತರುವ ಔಷಧಗಳಿಂದಲೋ ಇನ್ನೊಬ್ಬರ ಮಜ್ಜೆಯನ್ನು ಕಸಿಮಾಡುವುದರಿಂದಲೋ ಉಳಿಸಿಕೊಳ್ಳಲು ಸಾಧ್ಯವಾಗಿದೆ.

ಬಟ್ಟೆಗೆ ಹಾಕುವ ಬಣ್ಣದಿಂದ ಆರಂಭವಾದ ಎರ್ಲಿಕರ ಅನ್ವೇಷಣೆಯು ರಕ್ತದ ಕಣಗಳಿಗೆ ಹೆಸರನ್ನೂ, ಪ್ರತಿವಿಷಕ್ಕೆ ಅಳತೆಯನ್ನೂ, ರೋಗಾಣುವನ್ನು ಅರಸಿ ಕೊಲ್ಲುವ ಔಷಧವನ್ನೂ ಜಗತ್ತಿಗೆ ನೀಡಿತು. ಅವರು ಕಂಡ ಸತ್ಯಗಳು ಉಳಿದವು. ಅಪೂರ್ಣವಾಗಿದ್ದ ಊಹೆಗಳನ್ನು ಮುಂದಿನವರು ತಿದ್ದಿದರು. ಹೀಗೆ ಒಬ್ಬರು ಇಟ್ಟ ಹೆಜ್ಜೆಯ ಮೇಲೆ ಮತ್ತೊಬ್ಬರು ಹೆಜ್ಜೆಯಿಟ್ಟು ನಡೆದುದರಿಂದಲೇ, ಎರ್ಲಿಕರ ಕಾಲದಲ್ಲಿ ಮರಣವಲ್ಲದೆ ಬೇರೆ ಗತಿಯಿಲ್ಲದಿದ್ದ ರೋಗಿಯು ಇಂದು ಆಸ್ಪತ್ರೆಯಿಂದ ಮನೆಗೆ ಮರಳುವಂತಾಗಿದೆ.